ಹಳ್ಳ ದಾಟಿದ ಹಿಡಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಯಂತ್ರ ನನ್ನ ಅವ್ವನನ್ನು ಸುಳ್ಳುಬುರುಕಿ ಅಂದಿತು.

ಬಾಯಿಬಿಟ್ಟು ಅನ್ನಲಿಲ್ಲ, ಅಂದಿದ್ದರೆ ನಾನೂ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಪರದೆಯ ಮೇಲೆ ಅರವತ್ತೊಂದು ಎಂಬ ಅಂಕಿ, ಅದರ ಕೆಳಗೆ ಕೆಂಪಕ್ಷರದಲ್ಲಿ ಒಂದೇ ಸಾಲು: 'ಈ ಪದಾರ್ಥ ಸಂಕನಾಳ ರಂಜಕವಲ್ಲ.' ತಟ್ಟೆಯಲ್ಲಿದ್ದ ಆ ಚಿಟಿಕೆ ರಂಜಕ ಬಂದದ್ದು ಸಂಕನಾಳದ ಪಾರವ್ವನ ಬರಣಿಯಿಂದ. ಪಾರವ್ವ ಅಂದರೆ ನನ್ನ ಹಡೆದವ್ವ. ನಲವತ್ತು ವರ್ಷದಿಂದ ಅದೇ ಊರಿನಲ್ಲಿ, ಅದೇ ಒರಳಿನಲ್ಲಿ, ಹಣ್ಣು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಲಿಂಬೆಹುಳಿ ಹಾಕಿ ಕುಟ್ಟಿ ಬರಣಿಯಲ್ಲಿ ಹುಳಿಯಲು ಬಿಟ್ಟವಳು. ಅವಳದ್ದು ಸಂಕನಾಳ ರಂಜಕವಲ್ಲವಂತೆ! ಹಾಗಾದರೆ ಇನ್ನೇನು, ಗೋಡೆಗೆ ಬಳಿಯುವ ಕೆಮ್ಮಣ್ಣೇ?

ಯಂತ್ರ ಒರೆಸಿ, ಹೊಸ ತಟ್ಟೆ ಇಟ್ಟು ಇನ್ನೊಮ್ಮೆ ಓಡಿಸಿದೆ. ಅರವತ್ತೊಂದು. ಅವ್ವನ ಪಕ್ಕದ ಮನೆಯ ಹುಸೇನಬಿಯ ಬರಣಿಯದ್ದು ಹಾಕಿದೆ. ಅರವತ್ತು. ಊರಿನಿಂದ ಬಂದಿದ್ದ ಹನ್ನೆರಡು ಶೀಸೆಗಳೂ ಮುಗಿದವು, ಎಂಬತ್ತೈದು ದಾಟಿದ್ದು ಒಂದೂ ಇಲ್ಲ. ಎಂಬತ್ತೈದರ ಕೆಳಗಿದ್ದರೆ ಹೆಸರಿಲ್ಲ. ಕೊನೆಗೆ ಹದಿಮೂರನೆಯದು. ಸಮುದ್ರದಾಚೆಯ ಕಂಪನಿಯೊಂದು ಉಕ್ಕಿನ ಪೀಪಾಯಿಗಳಲ್ಲಿ ತಯಾರಿಸಿ ಪರೀಕ್ಷೆಗೆ ಕಳಿಸಿದ ಶೀಸೆ. ತೊಂಬತ್ತೆಂಟು. ಹಸಿರಕ್ಷರ. 'ಇದು ಸಂಕನಾಳ ರಂಜಕ.'

"ಥೂ ನಿನ್ನ!" ಅಂತ ಯಂತ್ರದ ಮೇಲೆಯೇ ಕೂಗಿದೆ. ಆಚೆ ಟೇಬಲ್ಲಿನವರು ತಿರುಗಿ ನೋಡಿದರು.

ಹೆಸರು ಒಪ್ಪಂದ ಗೊತ್ತಿಲ್ಲದವರು ಈಗ ಯಾರಿದ್ದಾರೆ? ಆದರೂ ಹೇಳುತ್ತೇನೆ, ಯಾಕೆಂದರೆ ಗೊತ್ತು ಅನ್ನುವವರಿಗೂ ಅರ್ಧವೇ ಗೊತ್ತು. ಮೊದಮೊದಲು ಅದು ಒಳ್ಳೆಯ ಕಾನೂನೇ ಆಗಿತ್ತು. ಯಾವ ಊರಿನ ತಿನಿಸಿಗೆ ಯಾವ ಊರಿನ ಹೆಸರೋ ಅದು ಆ ಊರಿಗೇ ಇರಲಿ, ಕಂಡವರೆಲ್ಲ ಹಚ್ಚಿಕೊಳ್ಳಬಾರದು ಅಂತ ನಲವತ್ತು ದೇಶಗಳು ಕೂಡಿ ಸಹಿ ಹಾಕಿದವು. ಆಮೇಲೆ ಸಮುದ್ರ ಏರಿತು. ಎಷ್ಟೋ ದಂಡೆಯ ಊರುಗಳು ನೀರುಪಾಲಾದವು. ಅಲ್ಲಿನ ಜನ ಮೇಲಿನ ಸೀಮೆಗೆ ಬಂದು ತಮ್ಮ ಹಳೆಯ ಚೀಸು, ಮೀನಿನ ಉಪ್ಪಿನಕಾಯಿ ಮಾಡಿದರೆ ಹೆಸರು ಹಾಕುವಂತಿಲ್ಲ, ಏಕೆಂದರೆ ಊರೇ ಇಲ್ಲ. ಪಾಪ, ಅವರ ಗೋಳು ಕೇಳಿ ಒಪ್ಪಂದ ತಿದ್ದಿದರು. ಇನ್ನು ಮುಂದೆ ಹೆಸರು ನಕಾಶೆಗೆ ಅಂಟಿದ್ದಲ್ಲ, ಪದಾರ್ಥದ ಗುರುತಿಗೆ ಅಂಟಿದ್ದು. ಪ್ರತಿ ಹೆಸರಿಗೂ ಒಂದು ಮೂಲ ಮಾದರಿಯನ್ನು ತಣ್ಣನೆಯ ಉಗ್ರಾಣದಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಹೊಂದಿದರೆ ಹೆಸರು ನಿಮ್ಮದು, ಎಲ್ಲೇ ಮಾಡಿರಿ, ಯಾರೇ ಮಾಡಿರಿ. ಹೊಂದದಿದ್ದರೆ ಆ ಊರಿನಲ್ಲೇ ಹುಟ್ಟಿ ಸತ್ತರೂ ಇಲ್ಲ.

ಹೊಂದಿತೋ ಇಲ್ಲವೋ ಹೇಳುವ ಯಂತ್ರಕ್ಕೆ ಕಾಗದದಲ್ಲಿ ಉದ್ದನೆಯ ಹೆಸರಿದೆ. ಜನ ಅದನ್ನು 'ನಾಲಿಗೆ' ಅಂತಾರೆ. ನಾಲಿಗೆ ಬಂದ ಮೇಲೆ ಊಟದ ಹೋಟೆಲುಗಳ ಬೋರ್ಡು ನೋಡಿದ್ದೀರಲ್ಲ, ಅರ್ಧ ಅಳಿಸಿದ್ದು, ಅರ್ಧ ಸುಣ್ಣ ಬಳಿದದ್ದು. ಮದುವೆ ಮನೆಯಲ್ಲಿ ಬಡಿಸುವವರು 'ಇದನ್ನ ಹಾಕಲೇ, ಅದನ್ನ ಹಾಕಲೇ' ಅಂತ ಕೈ ತೋರಿಸುತ್ತಾರೆ. ಹೆಸರು ಹೇಳಿದರೆ ಯಾರ ಫೋನು ಕೇಳಿಸಿಕೊಂಡು ದೂರು ಬರೆಯುತ್ತದೋ ಅಂತ ಭಯ. ನಾನು ಈ ಹುಬ್ಬಳ್ಳಿ ಪ್ರಯೋಗಶಾಲೆಯಲ್ಲಿ ಆರು ವರ್ಷದಿಂದ ಆ ನಾಲಿಗೆಗೆ ಉಣ್ಣಿಸುವ ಕೆಲಸ ಮಾಡುತ್ತಿದ್ದೇನೆ. ಎಷ್ಟೋ ಊರಿನ ಹೆಸರು ನನ್ನ ಕೈಯಿಂದಲೇ ಹೋಗಿವೆ. ಆವಾಗೆಲ್ಲ ಯಂತ್ರ ಹೇಳಿದ್ದು ವೇದವಾಕ್ಯ ಅಂತ ಸಹಿ ಹಾಕಿ ಮಧ್ಯಾಹ್ನದ ಬುತ್ತಿ ಬಿಚ್ಚಿದವಳು ನಾನೇ. ಬೇರೆಯವರ ಮನೆಗೆ ಬೆಂಕಿ ಬಿದ್ದಾಗ ಬೆಚ್ಚಗಿರುತ್ತದೆ ನೋಡಿ.

ಮೇಲಧಿಕಾರಿ ದೇಸಾಯಿ ಸರ್ ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿದರು. ನಿವೃತ್ತಿಗೆ ಒಂದು ವರ್ಷ ಇರುವವರು, ನಿಯಮ ಅಂದರೆ ನಿಯಮ.

"ಗುರುವಾರ ಹನ್ನೊಂದಕ್ಕ ಈ ಹೆಸರು ಯಾರಿಗೆ ಅನ್ನೂ ವಿಚಾರಣೆ ಅದ. ಇದ ವರದಿ ಹೋಗ್ತದ," ಅಂದರು.

"ಸರ್, ಹೋದ ವರ್ಷ ಇದೇ ಬರಣಿಗಳಿಗೆ ತೊಂಬತ್ತು ಬಂದಿತ್ತು."

"ಹೋದ ವರ್ಷದ ಯಂತ್ರ ನೀರು, ಮಣ್ಣು ಅಷ್ಟ ನೋಡ್ತಿತ್ತು. ಈ ಹೊಸದು ಒಳಗಿನ ಜೀವಾಣುಗಳನ್ನೂ ಓದ್ತದ."

ಅದು ನಿಜ. ರಂಜಕ ಹುಳಿಯುವುದೇ ಅದರೊಳಗಿನ ಕಣ್ಣಿಗೆ ಕಾಣದ ಜೀವಾಣುಗಳಿಂದ. ನಾನು ಹನ್ನೆರಡು ಶೀಸೆಗಳ ಪಟ್ಟಿಯನ್ನೂ ಮೂಲ ಮಾದರಿಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ನಮ್ಮೂರಿನ ಹನ್ನೆರಡರಲ್ಲೂ ಜೀವಾಣುಗಳ ಒಂದು ದೊಡ್ಡ ಬಳಗ ಇತ್ತು. ಮೂಲ ಮಾದರಿಯಲ್ಲಿ ಆ ಬಳಗದ ಒಂದು ಹುಳವೂ ಇಲ್ಲ. ಅದನ್ನೇ ನೋಡಿ ನಕಲು ಮಾಡಿದ ಕಂಪನಿಯದ್ದರಲ್ಲೂ ಇಲ್ಲ.

"ಹನ್ನೆರಡು ಮನ್ಯಾಗೂ ಒಂದೇ ಹೊಲಸು ಸೇರೇದ ಅಂತೀರೇನು ಸರ್? ಮೂಲ ಮಾದರಿಯೊಳಗೇ ಏನೋ ತಪ್ಪೈತಿ."

ದೇಸಾಯಿ ಸರ್ ಕನ್ನಡಕ ತೆಗೆದು ಒರೆಸಿದರು. "ಯಂತ್ರಕ್ಕ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ಕಸ್ತೂರಿ. ಸುಳ್ಳು ಹೇಳೂದಿದ್ರ ಮನುಷ್ಯಾರ ಹೇಳಿರಬೇಕು. ಒಂಬತ್ತು ವರ್ಷದ ಹಿಂದ ಆ ಮಾದರಿ ಕೊಟ್ಟವರ ಸಹಿ ನೋಡಿರೇನು?"

ನೋಡಿದೆ. ಸಂಕನಾಳ ಮಹಿಳಾ ಸಂಘದ ಅಧ್ಯಕ್ಷೆ. ವಕ್ರವಕ್ರ ಅಕ್ಷರದಲ್ಲಿ 'ಪಾರವ್ವ'. ಮೇಲೆ ಪ್ರಮಾಣದ ಸಾಲು: 'ನಾವು ಪ್ರತಿವರ್ಷ ಮಾಡುವ ರೀತಿಯಲ್ಲೇ ಇದನ್ನು ಮಾಡಿದ್ದೇವೆ.' ರಜೆ ಬರೆದಿಟ್ಟು ಊರಿನ ಬಸ್ಸು ಹಿಡಿದೆ.

*

ಸಂಕನಾಳಕ್ಕೆ ಹೋಗಬೇಕಾದರೆ ಒಂದು ಹಳ್ಳ ದಾಟಬೇಕು. ಹಳ್ಳದ ಆಚೆ ಇನ್ನೂರ ಹನ್ನೆರಡು ಮನೆ. ರಂಜಕ ಬಿಟ್ಟರೆ ಆ ಊರಿಗೆ ಬೇರೆ ಗತಿ ಇಲ್ಲ. ಆ ಹೆಸರಿದೆ ಅಂತಲೇ ಬರಣಿಗಳು ಹೊರದೇಶಕ್ಕೆ ಹೋಗುವುದು. ಹೆಸರು ಹೋದರೆ ಬರಿಯ ಕೆಂಪು ಚಟ್ನಿ, ಯಾರು ಕೇಳುತ್ತಾರೆ?

ನಾನು ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಹುಸೇನಬಿ ಚಿಗವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಇಬ್ಬರದೂ ಒಂದೇ ಗೋಡೆ, ಒಂದೇ ಹಿತ್ತಲು. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ಚಿಗವ್ವನೇ ಅಂತೆ.

"ಏನವ್ವಾ, ಸೋಮಾರ ದಿನ ಬಂದಿ? ಗಂಡನ ಜೋಡಿ ಜಗಳಾಡಿ ಬಂದಿಯೇನು?" ಅಂತ ಚಿಗವ್ವ ನಕ್ಕಳು.

"ಜಗಳ ಆಡಾಕ ಬಂದೀನಿ ಖರೇ. ನಿಮ್ಮಿಬ್ಬರ ಜೋಡಿ," ಅಂದೆ. "ಅವ್ವಾ, ಒಂಬತ್ತು ವರ್ಷದ ಹಿಂದ ನಮ್ಮ ಆಫೀಸಿನ ಹೊಂಬಳ ಸಾಹೇಬರು ಬಂದು ಮಾದರಿ ಒಯ್ದರಲ್ಲ. ಆ ಬರಣಿ ಹೆಂಗ ಮಾಡಿದ್ದಿ?"

"ಹೆಂಗಂದ್ರ? ಮಾಡೂವಂಗ ಮಾಡಿದ್ವಿ. ಮೊದಲ ರೊಟ್ಟಿ ತಿನ್ನು ಬಾ."

"ರೊಟ್ಟಿ ಬ್ಯಾಡ. ಹೇಳು."

ಅವ್ವ ಎದ್ದು ಒಳಗೆ ಹೋದಳು. ತಾಟಿನಲ್ಲಿ ಎರಡು ರೊಟ್ಟಿ, ಮೇಲೆ ರಂಜಕ, ಅದರ ಮೇಲೆ ಒಂದು ಗುಂಡು ಬೆಣ್ಣೆ ಇಟ್ಟು ತಂದಳು. ನನ್ನ ಅವ್ವನ ಸ್ವಭಾವ ನನಗೆ ಗೊತ್ತಿಲ್ಲವೇ? ಮಾತು ತಪ್ಪಿಸಬೇಕಾದಾಗಲೆಲ್ಲ ತಾಟು ಮುಂದಿಡುತ್ತಾಳೆ. ನಾನು ತಾಟು ಸರಿಸಿದೆ. ಹಾಗೆ ಮಾಡಿದ್ದು ಅದೇ ಮೊದಲು, ಅವಳ ಮುಖ ಸಣ್ಣದಾಯಿತು.

"ಗುರುವಾರ ಊರಿನ ಹೆಸರು ಹೋಗ್ತೈತಿ ಅವ್ವಾ. ಸಮುದ್ರದಾಚಿ ಕಂಪನಿಗೆ ಕೊಡ್ತಾರ. ನಿನ್ನ ಬರಣಿ ಮ್ಯಾಲ ಸಂಕನಾಳ ಅಂತ ಬರದ್ರ ಪೊಲೀಸರು ಬರ್ತಾರ."

ಚಿಗವ್ವ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. "ಹೇಳಿಬಿಡು ಪಾರಕ್ಕ. ಇನ್ನ ಮುಚ್ಚಿಟ್ಟು ಏನ್ ಮಾಡ್ತಿ?"

ಅವ್ವ ಸೆರಗಿನಿಂದ ಕೈ ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು. ಕೊನೆಗೆ ಹೇಳಿದಳು. "ಹಿಡಿ ಹಾಕಿದ್ದಿಲ್ಲ."

ನಮ್ಮೂರಿನ ರಂಜಕಕ್ಕೆ ಒಂದು ಪದ್ಧತಿ ಇದೆ. ಹೊಸದು ಕುಟ್ಟಿದಾಗ ಅದಕ್ಕೆ ಹೋದ ವರ್ಷದ ರಂಜಕ ಒಂದು ಹಿಡಿ ಸೇರಿಸಬೇಕು. ಅದೂ ತಮ್ಮ ಬರಣಿಯದ್ದಲ್ಲ, ನೆರೆಮನೆಯ ಬರಣಿಯದ್ದು. ಅವ್ವ ಚಿಗವ್ವನ ಮನೆಯಿಂದ ತರುತ್ತಾಳೆ, ಚಿಗವ್ವ ನಮ್ಮ ಮನೆಯಿಂದ ಒಯ್ಯುತ್ತಾಳೆ, ಅವಳ ಆಚೆಮನೆಯವರು ಅವಳಿಂದ. ನಡುವೆ ಒಂದು ವರ್ಷ ಇಬ್ಬರೂ ಜಗಳಾಡಿ ಮಾತು ಬಿಟ್ಟಿದ್ದರು, ಆಗಲೂ ಗೋಡೆಯ ಮೇಲಿಂದ ಬಟ್ಟಲು ದಾಟಿತ್ತು. ಆ ಹಿಡಿ ಮಾತ್ರ ಹಳ್ಳ ದಾಟುವಂತಿಲ್ಲ. ತಿನ್ನಲು ಎಷ್ಟು ಬೇಕಾದರೂ ಒಯ್ಯಿರಿ, ಮಾರಿರಿ, ಬೀಗರಿಗೆ ಕಟ್ಟಿಕೊಡಿ, ತಿಂದರೆ ಮುಗಿಯಿತು ಅನ್ನುವುದು ಊರಿನ ಲೆಕ್ಕ. ಬೀಜಕ್ಕೆ ಅಂತ ಕೇಳಿದರೆ ಇಲ್ಲ. ಹೊರಗೆ ಕೊಟ್ಟ ಹೆಣ್ಣುಮಕ್ಕಳಿಗೂ ಇಲ್ಲ. ನನ್ನ ಮದುವೆಯಾದಾಗ ನಾನು ಅತ್ತು ಕೇಳಿದ್ದೆ. ಅವ್ವ ಹನ್ನೊಂದು ಸೀರೆ ಕೊಟ್ಟಳು, ಹಿಡಿ ಕೊಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

"ಆ ಸಾಹೇಬರು ತಿನ್ನಾಕ ಒಯ್ಯಲಿಲ್ಲವ್ವಾ," ಅಂದಳು ಅವ್ವ. "ಉಗ್ರಾಣದಾಗ ಇಡ್ತೀವಿ, ಇದರಿಂದ ಗುರುತು ತಗೀತೀವಿ ಅಂದ್ರು. ಅದು ಬೀಜಕ್ಕ ಒಯ್ದಂಗ ಆತಿಲ್ಲೋ? ಬೀಜ ಹೊರಗ ಹ್ವಾದ್ರ ಊರಿನ ರುಚೀನ ಹ್ವಾದಂಗ. ಅದಕ್ಕ ಹಿಡಿ ಹಾಕಲಾರದ ಒಂದು ಬರಣಿ ಬ್ಯಾರೆ ಕುಟ್ಟಿ ಕೊಟ್ವಿ."

"ನಾವೆಲ್ಲಾರೂ ಕೂಡೇ ಹಂಗ ಮಾಡೂಣು ಅಂದಿದ್ವಿ. ಪಾರಕ್ಕ ಒಬ್ಬಾಕಿ ಅಲ್ಲ," ಅಂತ ಚಿಗವ್ವ ಅಂದಳು.

"ಸಹಿ ಒಬ್ಬಾಕಿದ ಐತಿ," ಅಂದೆ.

ಅಯ್ಯೋ ನನ್ನ ದೇವರೇ! ಆ ಬಳಗ ಹೊಲಸಲ್ಲ, ಅದೇ ಹಿಡಿ. ಕಳ್ಳರು ಒಯ್ಯಬಾರದು ಅಂತ ಬಂಗಾರ ಮುಚ್ಚಿಟ್ಟು ಹಿತ್ತಾಳೆ ಕೊಟ್ಟರು. ಈಗ ಕಾನೂನು ಹಿತ್ತಾಳೆಗೇ ಬಂಗಾರದ ಹೆಸರಿಟ್ಟಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅವ್ವನನ್ನು ಬೈದೆ. ಹಡೆದವಳನ್ನು ಅನ್ನಬಾರದ ಮಾತೂ ಒಂದೆರಡು ಅಂದೆ. ಅವಳು ತಲೆ ಬಗ್ಗಿಸಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

ಬೈದು ಸುಸ್ತಾಗಿ ಆ ತಣ್ಣಗಾದ ರೊಟ್ಟಿ ಮುರಿದು ಬಾಯಿಗಿಟ್ಟಾಗ ನನಗೆ ಹೊಳೆಯಿತು.

ಜೀವಾಣುಗಳು ವರ್ಷವರ್ಷ ತಮ್ಮನ್ನು ತಾವೇ ನಕಲು ಮಾಡಿಕೊಳ್ಳುತ್ತ ಹೋಗುತ್ತವೆ. ಕಾಗದ ಕೈಯಲ್ಲಿ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದಿಲ್ಲವೇ, ಹಾಗೆ ಅವುಗಳಲ್ಲೂ ತಪ್ಪುಗಳು ಸೇರುತ್ತವೆ. ಒಂದು ಮನೆಯ ಬರಣಿಯಲ್ಲಿ ಸೇರಿದ ತಪ್ಪು ಮುಂದಿನ ವರ್ಷ ಹಿಡಿಯ ಜೊತೆ ನೆರೆಮನೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಊರಿನ ಅಷ್ಟೂ ಬರಣಿಗಳನ್ನು ನಾಲಿಗೆಗೆ ಉಣ್ಣಿಸಿದರೆ ಯಾರ ಹಿಡಿ ಯಾರಿಂದ ಬಂತು ಅಂತ ವಂಶಾವಳಿಯೇ ಸಿಗುತ್ತದೆ. ಬೇರು ಎಷ್ಟು ವರ್ಷ ಹಳೆಯದು ಅಂತ ಎಣಿಸಬಹುದು. ಅದು ಒಪ್ಪಂದಕ್ಕಿಂತ ಹಳೆಯದು ಅಂತ ತೋರಿಸಿದರೆ ಮೂಲ ಮಾದರಿಯನ್ನೇ ಬದಲಿಸಬೇಕಾಗುತ್ತದೆ. ಹನ್ನೆರಡು ಬರಣಿ ಸಾಲುವುದಿಲ್ಲ. ಕನಿಷ್ಠ ನೂರೈವತ್ತು ಮನೆಯ ಹಿಡಿ ಬೇಕು, ನಾಳೆ ಮಧ್ಯಾಹ್ನದೊಳಗೆ. ಯಂತ್ರ ಅಷ್ಟನ್ನು ಓದಲು ಇಡೀ ದಿನ ಬೇಕು.

"ಹಿಡಿ ಹಳ್ಳ ದಾಟಬೇಕು ಅವ್ವಾ," ಅಂದೆ.

ಅವ್ವ ನನ್ನನ್ನು ನೋಡಿದಳು. "ನಾ ಮೊದಲ ಕೊಟ್ರ ಉಳಿದವರು ಕೊಟ್ಟಾರು," ಅಂದಳು.

*

ಮಂಗಳವಾರ ಬೆಳಿಗ್ಗೆ ಏಳಕ್ಕೆ ಹಿಟ್ಟಿನ ಗಿರಣಿಯ ಮುಂದೆ ಹೆಂಗಸರೆಲ್ಲ ಸೇರಿದರು. ಅವ್ವ ಕಲ್ಲಿನ ಮೇಲೆ ನಿಂತು ನಡೆದದ್ದು ಹೇಳಿದಳು. ಗುಸುಗುಸು ಎದ್ದಿತು.

"ಅಂದ್ರ ಆವಾಗ ಹಿಡಿ ಕೊಡಬ್ಯಾಡ್ರಿ ಅಂದಾಕಿನೂ ನೀನ, ಈಗ ಕೊಡ್ರಿ ಅನ್ನಾಕಿನೂ ನೀನ?" ಅಂತ ಒಬ್ಬಳು ಕೂಗಿದಳು.

"ಹೌದು, ನಾನ," ಅಂದಳು ಅವ್ವ.

"ನಿನ್ನ ಮಗಳಿಗೆ ಸರ್ಕಾರಿ ನೌಕರಿ. ಒಯ್ದು ಆ ಕಂಪನಿಗೇ ಕೊಟ್ರ?"

ನಾನು ಒಳ್ಳೆಯವಳು ಅಂತ ನಾನೇ ಹೇಳಿಕೊಂಡರೆ ಯಾರು ನಂಬುತ್ತಾರೆ? ಗಡಿಯಾರ ಎಂಟು ದಾಟಿತು, ಎಂಟೂವರೆ ಆಯಿತು. ಜನ ಚದುರುವ ಹಾಗೆ ಕಂಡಿತು.

ಆಗ ಅವ್ವ ಮನೆಗೆ ಹೋಗಿ ಬಟ್ಟಲಿನಲ್ಲಿ ಹಿಡಿ ತುಂಬಿಕೊಂಡು ಬಂದಳು. ಯಾರನ್ನೂ ನೋಡದೆ ಸೀದಾ ನಡೆದು ಹಳ್ಳದ ಸೇತುವೆ ದಾಟಿದಳು. ನಾನು ಐಸ್ ಪೆಟ್ಟಿಗೆ ಎತ್ತಿಕೊಂಡು ಬೆನ್ನಹಿಂದೆಯೇ ಹೋದೆ. ದಾಟಿ ಆಚೆ ದಂಡೆಯಲ್ಲಿ ನಿಂತು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. "ಮದಿವ್ಯಾಗ ಕೊಡಲಿಲ್ಲಂತ ಅತ್ತಿದ್ದಿಯಲ್ಲ. ತಗೋ," ಅಂದಳು. ನಾನು ಎರಡೂ ಕೈ ಚಾಚಿ ತಗೊಂಡೆ.

ಅವಳ ಹಿಂದೆ ಚಿಗವ್ವ ಬಂದಳು, ಸೆರಗಿನಡಿ ಬಟ್ಟಲು ಮುಚ್ಚಿಕೊಂಡು. ಆಮೇಲೆ ಮತ್ತಿಬ್ಬರು. ಮೊದಲು ಕೂಗಿದ್ದವಳು ಕೂಡ ಬಂದಳು, "ಊರ ಮುಳುಗೂವಾಗ ನನ್ನ ಒಬ್ಬಾಕಿ ಬರಣಿ ಕಟ್ಟಿಗೊಂಡು ಏನ್ ಮಾಡ್ಲಿ" ಅಂತ ಗೊಣಗುತ್ತ. ಹನ್ನೊಂದರ ಹೊತ್ತಿಗೆ ನೂರ ಎಂಬತ್ತಮೂರು ಹಿಡಿಗಳು ನನ್ನ ಐಸ್ ಪೆಟ್ಟಿಗೆ ಸೇರಿದ್ದವು.

*

ಬುಧವಾರ ಸಂಜೆ ನಾಲ್ಕಕ್ಕೆ ಯಂತ್ರ ಓದಿ ಮುಗಿಸಿತು. ಪರದೆಯ ತುಂಬ ಒಂದು ಮರ. ನೂರ ಎಂಬತ್ತಮೂರು ಕೊಂಬೆ, ಒಂದಕ್ಕೊಂದು ಹೆಣೆದುಕೊಂಡು, ಒಂದೇ ಬೇರಿಗೆ ಇಳಿದಿದ್ದವು. ಬೇರಿನ ವಯಸ್ಸು ಸುಮಾರು ನೂರ ಮೂವತ್ತು ವರ್ಷ. ಒಪ್ಪಂದ ಹುಟ್ಟುವ ಎಷ್ಟೋ ಮುಂಚಿನದು.

ದೇಸಾಯಿ ಸರ್ ಕುರ್ಚಿ ಎಳೆದುಕೊಂಡು ಕೂತು ಬಹಳ ಹೊತ್ತು ಆ ಮರ ನೋಡಿದರು. "ಶಾಭಾಷ್," ಅಂದರು. ಆಮೇಲೆ ದನಿ ಇಳಿಸಿದರು. "ಆದ್ರ ಇದನ್ನ ವಿಚಾರಣೆಯೊಳಗ ಇಟ್ರ ಮೊದಲನೇ ಮಾದರಿ ಸುಳ್ಳು ಅಂತ ಆಗ್ತದ. ಹದಿನಾಲ್ಕನೇ ನಿಯಮ ಓದೀರಲ್ಲ?"

ಓದಿದ್ದೆ. ಬೇಕಂತಲೇ ಸುಳ್ಳು ಮಾದರಿ ಕೊಟ್ಟ ಸಂಘಕ್ಕೆ ಹೆಸರಿಲ್ಲ. ಯಾರಾದರೂ ಒಬ್ಬರು ಅದರ ಹೊಣೆ ಹೊತ್ತರೆ ಸಂಘ ಉಳಿಯುತ್ತದೆ. ಹೊತ್ತವರು ಮಾತ್ರ ಜೀವ ಇರುವವರೆಗೆ ಆ ಹೆಸರು ಬಳಸುವಂತಿಲ್ಲ. ಅವರ ಬರಣಿಯದ್ದು ಹೆಸರಿರುವ ಯಾವ ಬರಣಿಗೂ ಸೇರುವಂತಿಲ್ಲ.

"ಇನ್ನೊಂದು ದಾರಿ ಅದ," ಅಂದರು ಸರ್, ಬಾಗಿಲ ಕಡೆ ನೋಡುತ್ತ. "ಮಾದರಿ ತಂದ ಹೊಂಬಳ ಇವತ್ತಿಲ್ಲ. ತೀರಿಕೊಂಡು ನಾಲ್ಕು ವರ್ಷಾತು. ಅವರೇ ಶೀಸೆ ಅದಲುಬದಲು ಮಾಡಿರಬೇಕು ಅಂತ ಬರದ್ರ ಯಾರಿಗೂ ಶಿಕ್ಷಾ ಇಲ್ಲ. ನಾನೂ ಸಹಿ ಮಾಡ್ತೀನಿ."

ನಿಯಮ ಅಂದರೆ ನಿಯಮ ಅನ್ನುವ ಮನುಷ್ಯ ನನ್ನ ಅವ್ವನಿಗಾಗಿ ಅಷ್ಟು ಕೆಳಗಿಳಿದದ್ದು ಕಂಡು ಕಣ್ಣು ತುಂಬಿದವು. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಸರಿ ಅನ್ನಿಸಿತು. ಸತ್ತವರಿಗೇನು ನೋವೇ? ಅವ್ವನಿಗೆ ಫೋನು ಮಾಡಿ ಹೇಳಿದೆ.

ಅವಳು ಕೇಳಿಸಿಕೊಂಡಳು. "ಹೊಂಬಳ ಸಾಹೇಬರು ನಮ್ಮ ಕಟ್ಟಿ ಮ್ಯಾಲ ಕುಂತು ಎರಡು ರೊಟ್ಟಿ ತಿಂದು ಹ್ವಾದ್ರವ್ವಾ," ಅಂದಳು. "ಖಾರ ಹತ್ತಿ ಕಣ್ಣಾಗ ನೀರು ಬಂದು, ಇನ್ನೊಂಚೂರು ಹಾಕ್ರಿ ಅಂದಿದ್ರು. ಕ್ವಾತಿ ತಾ ತಿಂದು ಮ್ಯಾಕಿ ಬಾಯಿಗೆ ಒರಿಸಿದಂಗ ಮಾಡ್ಲೇನು? ಅವರಿಗೂ ಹೆಂಡರು ಮಕ್ಕಳು ಅದಾರಿಲ್ಲೋ?"

"ಅವ್ವಾ, ನಿನ್ನ ಹೆಸರು ಹೋಗ್ತೈತಿ."

"ನಾಳೆ ಎಷ್ಟು ಗಂಟೇಕ ಬರಬೇಕು, ಅಷ್ಟ ಹೇಳು."

*

ವಿಚಾರಣೆ ನಡೆದದ್ದು ಪ್ರಯೋಗಶಾಲೆಯ ಮೇಲಿನ ಕೋಣೆಯಲ್ಲಿ, ದೊಡ್ಡ ಪರದೆಯ ಮುಂದೆ. ಪರದೆಯಲ್ಲಿ ಮೂರು ದೇಶದ ಮೂರು ಮಂದಿ, ನಡುವೆ ಬಿಳಿಗೂದಲಿನ ಅಧ್ಯಕ್ಷೆ. ಒಂದು ಮೂಲೆಯಲ್ಲಿ ಕಂಪನಿಯ ವಕೀಲ. ಅವರ ಮಾತನ್ನು ಯಂತ್ರ ನಮ್ಮ ಶಾಲೆಯ ಮಾಸ್ತರರ ಹಾಗೆ ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು. ಅವ್ವ ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ನಾನು ಮರ ತೋರಿಸಿದೆ, ಹಿಡಿಯ ಪದ್ಧತಿ ವಿವರಿಸಿದೆ. ಅಧ್ಯಕ್ಷೆ ಮುಂದೆ ಬಾಗಿ ನೋಡಿದರು. "ಇದು ನಿಜವಾದರೆ ಮೂಲ ಮಾದರಿಯಲ್ಲಿ ಈ ಬಳಗ ಏಕಿಲ್ಲ?" ಅಂದರು.

ದೇಸಾಯಿ ಸರ್ ನನ್ನತ್ತ ನೋಡಿದರು. 'ಹೊಂಬಳ' ಅನ್ನುವ ಮೂರಕ್ಷರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಶಿವನಾಣೆ ಹೇಳುತ್ತೇನೆ.

ಅವ್ವ ಎದ್ದು ನಿಂತಳು.

"ನಾ ಹಾಕಲಿಲ್ರೀ, ಅದಕ್ಕಿಲ್ಲ. ಆ ಬರಣಿ ತುಂಬಿದ ಕೈ ನಂದು. ಸಹಿ ನಂದು. ವರ್ಷಾ ಮಾಡೂವಂಗ ಮಾಡೀವಿ ಅಂತ ಸುಳ್ಳು ಬರಕೊಟ್ಟೆ. ಬೀಜ ಯಾರೋ ಒಯ್ತಾರ ಅಂತ ಅಂಜಿಕಿ ಆಗಿತ್ತು."

ವಕೀಲ ನಕ್ಕ. "ಒಮ್ಮೆ ಪ್ರಮಾಣ ಮಾಡಿ ಸುಳ್ಳು ಹೇಳಿದವರನ್ನು ಈಗ ಏಕೆ ನಂಬಬೇಕು?"

ಅವ್ವ ಅವನನ್ನೇ ನೋಡಿದಳು. "ಆವಾಗ ಸುಳ್ಳು ಹೇಳಿದ್ದಕ್ಕ ನನಗೇನೂ ಹೋಗಲಿಲ್ಲಪ್ಪಾ. ಈಗ ಖರೇ ಹೇಳಿದ್ದಕ್ಕ ನನ್ನ ಹೆಸರು ಹೊಂಟೈತಿ. ಯಾವುದನ್ನ ನಂಬಬೇಕು ಅಂತ ನೀನ ಹೇಳು."

ಅನುವಾದದ ಯಂತ್ರ ಅದನ್ನು ಅವರ ಭಾಷೆಯಲ್ಲಿ ಹೇಳಿ ಮುಗಿಸಿತು. ವಕೀಲ ಕಾಗದ ತಿರುವತೊಡಗಿದ. ಅಧ್ಯಕ್ಷೆ ಹದಿನಾಲ್ಕನೇ ನಿಯಮವನ್ನು ಓದಿ, ಇದರ ಅರ್ಥ ನಿಮಗೆ ಗೊತ್ತೇ ಅಂತ ಕೇಳಿದರು. ಗೊತ್ತೈತ್ರೀ ಅಂದಳು ಅವ್ವ. ಇನ್ನೊಮ್ಮೆ ಕೇಳಿದರು. ಗೊತ್ತೈತಿ ಅಂದೆನಲ್ರೀ ಅಂದಳು.

ತೀರ್ಪು ಮಧ್ಯಾಹ್ನ ಎರಡಕ್ಕೆ ಬಂತು. ಹಳೆಯ ಮಾದರಿ ರದ್ದು. ಹಿಡಿ ಸೇರಿದ ಹೊಸ ಮಾದರಿ ದಾಖಲು. ಕಂಪನಿಗೆ ಹೆಸರಿಲ್ಲ. ಸಂಕನಾಳ ರಂಜಕ ಸಂಕನಾಳದ್ದೇ. ಅದರ ಕೆಳಗೆ ಇನ್ನೊಂದು ಸಾಲು: ಪಾರವ್ವ ಎಂಬವರು ಜೀವಿತಾವಧಿ ಈ ಹೆಸರನ್ನು ಬಳಸತಕ್ಕದ್ದಲ್ಲ.

ಮನೆ ಮಂದಿಯ ಪರ ನಿಂತದ್ದಕ್ಕೆ ನನ್ನನ್ನು ಆ ಯಂತ್ರದ ಕೆಲಸದಿಂದ ತೆಗೆದು ಕಾಗದಪತ್ರದ ವಿಭಾಗಕ್ಕೆ ಹಾಕಿದರು. ಹಾಕಲಿ ಬಿಡಿ, ಕೈಗೆ ಖಾರ ಹತ್ತುವುದು ತಪ್ಪಿತು.

*

ಮುಂದಿನ ಸುಗ್ಗಿಗೆ ಊರಿಗೆ ಹೋಗಿದ್ದೆ. ಇಡೀ ಓಣಿ ಮೆಣಸಿನಕಾಯಿ ಘಾಟಿಗೆ ಸೀನುತ್ತಿತ್ತು. ಪ್ರತಿ ಮನೆಯ ಕಟ್ಟೆಯ ಮೇಲೂ ಹೊಸ ಬರಣಿಗಳು, ಅವುಗಳ ಮೇಲೆ ಸಂಕನಾಳ ರಂಜಕ ಅಂತ ಹಸಿರು ಚೀಟಿ. ನಮ್ಮ ಕಟ್ಟೆಯ ಮೇಲೂ ಬರಣಿಗಳಿದ್ದವು, ಚೀಟಿ ಇರಲಿಲ್ಲ. ಅವ್ವ ಯಾವ ವರ್ಷಕ್ಕೂ ಕಡಿಮೆ ಇಲ್ಲದಷ್ಟು ಕುಟ್ಟಿದ್ದಳು.

"ಯಾರಿಗವ್ವಾ ಇಷ್ಟು?" ಅಂದೆ.

"ತಿನ್ನಾಕ," ಅಂದಳು. "ಕೈ ಸುಮ್ಮನ ಕುಂದ್ರೂದಿಲ್ಲ."

ಹಿಡಿ ಕೊಟ್ಟು ತರುವ ದಿನ ಅದು. ಹೆಂಗಸರು ಬಟ್ಟಲು ಹಿಡಿದು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಓಡಾಡುತ್ತಿದ್ದರು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಬರಬಾರದು ಅಂತ ಅವ್ವನೇ ಮೊದಲು ಎಲ್ಲರಿಗೂ ಹೇಳಿದ್ದಳು. ಆದರೂ ಬೆಳಿಗ್ಗೆಯಿಂದ ಹೋದ ವರ್ಷದ ಬರಣಿಯನ್ನು ಒಳಗಿನಿಂದ ಕಟ್ಟೆಗೆ ತಂದಿಟ್ಟು, ಮತ್ತೆ ಒಳಗೆ ಒಯ್ದು, ಮತ್ತೆ ತಂದಿಡುತ್ತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಕೂತಿದ್ದೆ.

ಹತ್ತು ಗಂಟೆಗೆ ಹುಸೇನಬಿ ಚಿಗವ್ವ ಬಂದಳು. ಎಡಗೈಯಲ್ಲಿ ಅವ್ವನಿಗೆ ಕೊಡುವ ಹಿಡಿಯ ಬಟ್ಟಲು, ಬಲಗೈಯಲ್ಲಿ ಖಾಲಿ ಬಟ್ಟಲು.

"ನಿಂದು ಇಟ್ಟು ಹೋಗು," ಅಂದಳು ಅವ್ವ, ತಲೆ ಎತ್ತದೆ. "ನಂದು ಒಯ್ಯಬ್ಯಾಡ. ನನ್ನ ಬರಣಿದು ಸೇರಿದ್ರ ನಿಂದಕ್ಕೂ ಹೆಸರು ಹೋಗ್ತೈತಿ. ಕಾಗದದಾಗ ಬರದಾರ. ಈ ಸಲ ಆಚಿಮನಿಯಿಂದ ತಗೋ."

ಚಿಗವ್ವ ಖಾಲಿ ಬಟ್ಟಲನ್ನು ಅವ್ವನ ಮೊಣಕಾಲ ಮೇಲೆ ಇಟ್ಟಳು.

"ನಿನ್ನ ಹಿಡಿ ಇಲ್ಲದ ಬರಣಿ ಮ್ಯಾಲ ಸಂಕನಾಳ ಅಂತ ಚೀಟಿ ಹಚ್ಚಲೇನು?" ಅಂದಳು. "ಒಂಬತ್ತು ವರ್ಷ... ಅಲ್ಲ, ಈಗ ಹತ್ತಾತು, ಆವಾಗ ಒಮ್ಮೆ ಎಲ್ಲಾರೂ ಕೂಡಿ ಸುಳ್ಳು ಬರಕೊಟ್ಟೀವಿ. ಶಿಕ್ಷಾ ನೀ ಒಬ್ಬಾಕಿ ತಗೊಂಡಿ. ಇನ್ನೊಮ್ಮೆ ಸುಳ್ಳು ಬರಿಯಂದ್ರ ನನ್ನ ಕೈಲೆ ಆಗೂದಿಲ್ಲ ಪಾರಕ್ಕ. ಹಾಕು."

ಅವ್ವ ನನ್ನತ್ತ ನೋಡಿದಳು. ಸರ್ಕಾರಿ ನೌಕರಿಯವಳು, ನಿಯಮ ಬಲ್ಲವಳು, ನಾನೇನು ಹೇಳುತ್ತೇನೋ ಅಂತ. ನಾನು ಎದ್ದು ಬರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ.

ಅವ್ವ ಕೈ ತೊಳೆದು, ಒರೆಸಿ, ಬರಣಿಯೊಳಗೆ ಇಳಿಸಿ ತುಂಬಿದ ಒಂದು ಹಿಡಿ ತೆಗೆದು ಚಿಗವ್ವನ ಬಟ್ಟಲಿಗೆ ಹಾಕಿದಳು. ಅಷ್ಟರಲ್ಲಿ ಬಾಗಿಲಲ್ಲಿ ಮತ್ತೊಂದು ನೆರಳು ಬಿತ್ತು. ಗಿರಣಿಯ ಮುಂದೆ ಅವ್ವನ ಮೇಲೆ ಕೂಗಿದ್ದ ಹೆಂಗಸು, ಕೈಯಲ್ಲಿ ಬಟ್ಟಲು. ಅವಳು ನಮ್ಮ ನೆರೆಯವಳೂ ಅಲ್ಲ, ಅವಳ ಮನೆ ಊರಿನ ಆ ತುದಿಗೆ.

"ನಮ್ಮ ನೆರಿಮನ್ಯಾಗ ಹಿಡಿ ಮುಗದೈತಂತ," ಅಂತ ಅವಳು ಶುದ್ಧ ಸುಳ್ಳು ಹೇಳಿ ಬಟ್ಟಲು ಮುಂದೆ ಹಿಡಿದಳು.

ಅವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈಯೆಲ್ಲ ಖಾರ, ಒರೆಸಿಕೊಳ್ಳುವ ಹಾಗಿರಲಿಲ್ಲ. ನಾನೇ ಸೆರಗಿನಿಂದ ಅವಳ ಮುಖ ಒರೆಸಿದೆ. ಅವಳು ಇನ್ನೊಂದು ಹಿಡಿಗೆ ಬರಣಿಯೊಳಗೆ ಕೈ ಇಳಿಸಿದಳು.